ಮಾತು ಬಿಟ್ಟ ಗೆಳತಿಯರು

ಬೇಸಿಗೆ ರಜೆಯಲ್ಲಿ ಓದಲೆಂದೇ ಬರೆಯುವ ಕಾದಂಬರಿಗಳು ಅಮೆರಿಕದಲ್ಲಿ ಬಹಳ. ಅವುಗಳಲ್ಲಿ ಮತ್ತೆ ಮತ್ತೆ ಬರುವ ಕಥೆಯೊಂದಿದೆ. ಒಂದೇ ಜೀವದಂತೆ ಬೆಳೆದ ಇಬ್ಬರು ಗೆಳತಿಯರು ಮುನಿಸಿಕೊಂಡು ದೂರವಾಗುತ್ತಾರೆ. ವರ್ಷಗಳ ನಂತರ ಮತ್ತೆ ಒಂದಾಗುತ್ತಾರೆ. 2008ರಲ್ಲಿ ಬಂದ ಕ್ರಿಸ್ಟಿನ್ ಹ್ಯಾನಾ ಅವರ ‘ಫೈರ್‌ಫ್ಲೈ ಲೇನ್’ ಇಂಥದ್ದೇ. ಅದರಲ್ಲಿ ಗೆಳತಿಯರನ್ನು ಕೂಡಿಸಲು ಒಬ್ಬಳಿಗೆ ಕ್ಯಾನ್ಸರ್ ಬರಬೇಕಾಯಿತು!

ಮುನಿಸಿನ ಕಥೆಗೆ ನಮ್ಮಲ್ಲೂ ಬರವಿಲ್ಲ. ಮಹಾಭಾರತದ ದೇವಯಾನಿ–ಶರ್ಮಿಷ್ಠೆಯರನ್ನು ನೋಡಿ. ಜಲಕ್ರೀಡೆಯ ಹೊತ್ತಿನಲ್ಲಿ ಗಾಳಿಗೆ ಬಟ್ಟೆಗಳು ಕಲೆತುಹೋದವು. ಒಬ್ಬಳ ಸೀರೆ ಇನ್ನೊಬ್ಬಳು ಉಟ್ಟಳು. ಅಷ್ಟಕ್ಕೇ ಒಬ್ಬಳು ಬಾವಿಗೆ ಬಿದ್ದಳು, ಇನ್ನೊಬ್ಬಳು ದಾಸಿಯಾದಳು. ಆಮೇಲೆ ಕಥೆಯೆಲ್ಲ ಯಯಾತಿಯದು. ಗಿರೀಶ ಕಾರ್ನಾಡರ ‘ಯಯಾತಿ’ಯನ್ನು 1961ರಲ್ಲಿ ನಮ್ಮ ಪಕ್ಕದ ಧಾರವಾಡದ ಮನೋಹರ ಗ್ರಂಥಮಾಲೆಯೇ ಪ್ರಕಟಿಸಿತು. ಅಲ್ಲಿಯೂ ಗೆಳತಿಯರು ಒಂದಾಗಲಿಲ್ಲ.

ಏಕೆ? ಜಗಳವಾಡಿದ ಗಂಡಸರು ಅದೇ ಊರಿನಲ್ಲಿ, ಅದೇ ಕಟ್ಟೆಯ ಮೇಲೆ ದಿನಾ ಎದುರಾಗುತ್ತಾರೆ. ಇಂದಲ್ಲ ನಾಳೆ ಮಾತು ಹುಟ್ಟುತ್ತದೆ. ಹೆಣ್ಣುಮಕ್ಕಳು ಮದುವೆಯಾಗಿ ಒಬ್ಬಳು ಸವದತ್ತಿಗೆ, ಒಬ್ಬಳು ರಾಮದುರ್ಗಕ್ಕೆ ಹೋದರೆ, ಮುನಿಸೂ ಅವರೊಂದಿಗೆ ಗಂಟು ಕಟ್ಟಿಕೊಂಡು ಹೋಗುತ್ತದೆ. ಬಿಚ್ಚಲು ಸಂದರ್ಭವೇ ಇಲ್ಲ. ಹಿರಿಯರಿಗೆ ಇದು ಗೊತ್ತಿತ್ತೋ ಏನೋ! ಪಂಚಮಿಗೆ ತವರಿಗೆ ಕರೆತಂದು ಒಂದೇ ಜೋಕಾಲಿಗೆ ಹತ್ತಿಸಿದರು. ದಸರೆಗೆ ಬನ್ನಿ ಕೊಟ್ಟು ‘ಬಂಗಾರದಂಗ ಇರೋಣ’ ಎನ್ನಿಸಿದರು. ತಪ್ಪು ಯಾರದೆಂಬ ವಿಚಾರಣೆ ಅಲ್ಲಿಲ್ಲ. ಎಲೆ ಕೊಟ್ಟರೆ ಮುಗಿಯಿತು.

ಆದರೆ ತಾಯಿ ತಂದೆ ಹೋದಮೇಲೆ ತವರಿನ ದಾರಿ ಸವೆಯುತ್ತದೆ. ನಮ್ಮ ದೇಗಾಂವದ ಅಜ್ಜಿಯೊಬ್ಬರು ಒಮ್ಮೆ ಹೇಳಿದರು: “ಎಲ್ಲಾರೂ ಅವ್ವ ಅಂತಾರ, ಆಯಿ ಅಂತಾರ. ಹೆಸರು ಹಿಡದು ಕರಿಯೋಕಿ ಒಬ್ಬಾಕಿ ಉಳದಾಳ್ರೀ ಮಾಸ್ತರ. ಆಕಿ ಜೋಡಿ ಮಾತು ಬಿಟ್ಟೀನಿ.” ಬಾಲ್ಯಕ್ಕೆ ಉಳಿದ ಒಬ್ಬಳೇ ಸಾಕ್ಷಿಯನ್ನು ಕಳೆದುಕೊಳ್ಳುವುದೆಂದರೆ ಇದೇ ಅಲ್ಲವೆ?

ಒಡೆದ ಹಾಲು, ಮುರಿದ ಮನಸ್ಸು ಕೂಡುವುದಿಲ್ಲ ಎನ್ನುತ್ತಾರೆ. ಹಾಲಿನ ಮಟ್ಟಿಗೆ ಮಾತು ಖರೆ. ಆದರೆ ಸುಣ್ಣದ ಕಲ್ಲನ್ನು ನೋಡಿ. ಭಟ್ಟಿಯಲ್ಲಿ ಸುಟ್ಟಾಗ ಅದು ತನ್ನೊಳಗಿನ ಇಂಗಾಲದ ಡೈಆಕ್ಸೈಡನ್ನು ಬಿಟ್ಟುಕೊಡುತ್ತದೆ. ನೀರು ಹಾಕಿದರೆ ಕುದಿಯುತ್ತದೆ. ಗೋಡೆಗೆ ಬಳಿದಮೇಲೆ ಕಳೆದುಕೊಂಡ ಅನಿಲವನ್ನೇ ಗಾಳಿಯಿಂದ ಮೆಲ್ಲಗೆ ಹೀರಿಕೊಂಡು ಮತ್ತೆ ಕಲ್ಲಾಗುತ್ತದೆ. ಅದಕ್ಕೆ ಬೇಕಾದದ್ದು ಗಾಳಿ ಮತ್ತು ಸಮಯ.

ನಮ್ಮ ಲೇಖಕಿಯರು ಇಂಥದೊಂದು ಬೇಸಿಗೆಯ ಕಾದಂಬರಿ ಬರೆಯಬೇಕು. ಅದಕ್ಕೆ ಕ್ಯಾನ್ಸರ್ ಬೇಡ. ಮೊಮ್ಮಗಳ ಮದುವೆ, ಊಟದ ಪಂಕ್ತಿ, ಅಕ್ಕಪಕ್ಕ ಕೂತ ಇಬ್ಬರು ಅಜ್ಜಿಯರು. ಮೂವತ್ತು ವರ್ಷದ ಮೇಲೆ ಒಬ್ಬಾಕೆ ಇನ್ನೊಬ್ಬಳ ಎಲೆ ನೋಡಿ, “ಇನ್ನೊಂದು ಹೋಳಿಗಿ ಹಾಕಸ್ಕೋಳ” ಅಂದರೆ ಸಾಕು.