ದೂರು ಸೊನ್ನೆ, ಧೂಳು ಲೆಕ್ಕಕ್ಕಿಲ್ಲ

ಸಿಮೆಂಟ್ ಕಂಪನಿಗಳ ವಾರ್ಷಿಕ ವರದಿ ಓದುವ ಚಟ ಒಳ್ಳೆಯದಲ್ಲ, ಬಿಪಿ ಏರುತ್ತದೆ. ಈ ವಾರ ನನಗೆ ಏರಿದ್ದು ‘ಬಾಲಕಾರ್ಮಿಕ ದೂರುಗಳು’ ಎಂಬ ಸಾಲಿನೆದುರು ಕೂತ ಸೊನ್ನೆ ನೋಡಿ. ಆ ಸಾಲು ಷೇರುಪೇಟೆ ನಿಯಂತ್ರಕ ಸೆಬಿಯ ಬಿಆರ್‌ಎಸ್‌ಆರ್ ನಮೂನೆಯದು, ಅಂದರೆ ಕಂಪನಿಯ ಹೊಣೆಗಾರಿಕೆ ಮತ್ತು ಸುಸ್ಥಿರತೆಯ ವರದಿ. 2022-23ರಿಂದ ಷೇರುಪೇಟೆಯ ಮೊದಲ 1000 ಕಂಪನಿಗಳಿಗೆ ಕಡ್ಡಾಯ. ದೂರು ಎಷ್ಟು ಬಂತು? ಸೊನ್ನೆ. ಬಾಕಿ? ಅದೂ ಸೊನ್ನೆ.

ಸುಳ್ಳು ಅನ್ನುತ್ತಿಲ್ಲ. ಕಲಬುರಗಿ ಜಿಲ್ಲೆಯ ವಾಡಿಯಲ್ಲಾಗಲಿ ಸೇಡಂನಲ್ಲಾಗಲಿ, ಕಾರ್ಖಾನೆ ಗೇಟಿನೊಳಗೆ ಹನ್ನೆರಡರ ಪೋರನನ್ನು ಬಿಡಲು ವಾಚ್‌ಮನ್‌ಗೇನು ಹುಚ್ಚೇ? ಮಕ್ಕಳಿರುವುದು ಗೇಟಿನಾಚೆ. ಸರಬರಾಜುದಾರರ ಬಗ್ಗೆಯೂ ನಮೂನೆ ಕೇಳುತ್ತದೆ, ಆದರೆ ಇಷ್ಟವಿದ್ದವರು ಉತ್ತರಿಸಬಹುದು. ಷೇರುಪೇಟೆಯ ಹೊರಗಿರುವ ಚಿಂಚೋಳಿ ಕಡೆಯ ಕಾರ್ಖಾನೆಗೆ, ಶಹಾಬಾದಿನ ಫರ್ಸಿ ಖಣಿಗೆ ಆ ಪ್ರಶ್ನೆಪತ್ರಿಕೆಯೇ ಇಲ್ಲ.

ಶಹಾಬಾದಿನ ಚಹಾದಂಗಡಿಯಲ್ಲಿ ಹಳೆಯ ಖಣಿ ಕೆಲಸಗಾರರೊಬ್ಬರಿಗೆ ಈ ಸೊನ್ನೆಯ ವಿಷಯ ಹೇಳಿದೆ. ಬಸಿಯಲ್ಲಿ ಚಹಾ ಸುರಿದುಕೊಳ್ಳುತ್ತಲೇ ಕೇಳಿದರು: “ದೂರು ಯಾರ್ ಬರೀಬೇಕ್ರಿ ಸರ? ಅಪ್ಪ ಖಣಿಯಾಗ, ಅವ್ವ ಮುಂಬೈದಾಗ. ಹುಡುಗಗ ಬರಿಲಾಕ ಬರಲ್ಲ.”

2012ರಲ್ಲಿ ಯುನಿಸೆಫ್, ವಿಶ್ವಸಂಸ್ಥೆಯ ಗ್ಲೋಬಲ್ ಕಾಂಪ್ಯಾಕ್ಟ್ ಮತ್ತು ಸೇವ್ ದಿ ಚಿಲ್ಡ್ರನ್ ಸೇರಿ ಮಕ್ಕಳ ಹಕ್ಕಿನ ಬಗ್ಗೆ ಉದ್ದಿಮೆಗಳಿಗೆ ಹತ್ತು ತತ್ವ ಕೊಟ್ಟವು. ಬಾಲದುಡಿಮೆ ಅದರಲ್ಲಿ ಒಂದು ಮಾತ್ರ. ಅಪ್ಪ-ಅವ್ವನಿಗೆ ನೆಟ್ಟಗಿನ ಕೆಲಸ ಕೊಡುವುದೂ ಮಕ್ಕಳ ಹಕ್ಕಿನ ಲೆಕ್ಕವೇ. ಏಳನೆಯದು ಪರಿಸರ ಮತ್ತು ಭೂಸ್ವಾಧೀನದ್ದು. ಸುಣ್ಣದಕಲ್ಲಿಗಾಗಿ ತೊಗರಿ ಹೊಲ ಬಗೆಯುವ ನಾಡಿಗೆ ಇದಕ್ಕಿಂತ ಬೇರೆ ಬೇಕೆ?

ಪರಿಸರ ಎಂದರೆ ಇಲ್ಲಿ ಧೂಳು, ಅಲ್ಲಿಗೆ ನನ್ನ ಹಳೇ ರಾಗ ಬಂತು: ತಾಡಪತ್ರಿ. ಚಿತ್ತಾಪುರ ರಸ್ತೆಯ ಟಿಪ್ಪರುಗಳಲ್ಲಿ ಅದು ಇದ್ದೇ ಇರುತ್ತದೆ, ಸುರುಳಿ ಸುತ್ತಿ ಕ್ಯಾಬಿನ್ ಮೇಲೆ ಕಟ್ಟಿರುತ್ತಾರೆ. ಆರ್‌ಟಿಒ ಜೀಪು ಕಂಡರೆ ಬಿಚ್ಚುವುದು. ಹಿಂದೆ ಸೈಕಲ್ ಮೇಲೆ ಬರುವ ಶಾಲೆ ಹುಡುಗಿ ಓಢಣಿಯನ್ನು ಹಲ್ಲಿನಲ್ಲಿ ಕಚ್ಚಿ, ಒಂದು ಕೈ ಕಣ್ಣಿಗೆ ಅಡ್ಡ ಹಿಡಿದು, ಇನ್ನೊಂದರಲ್ಲೇ ಹ್ಯಾಂಡಲ್ ಸಂಭಾಳಿಸುತ್ತಾಳೆ. ಅವಳ ಉಸಿರಿಗೆ ವರದಿಯಲ್ಲಿ ಕಾಲಂ ಇಲ್ಲ.

ಬಣ್ಣದ ಪುಟ ಮಾತ್ರ ಇದೆ. ಕಾಯ್ದೆ ಪ್ರಕಾರ ಲಾಭದ ಶೇ 2ರಷ್ಟು ಸಿಎಸ್‌ಆರ್‌ಗೆ, ಅಂದರೆ ಸಾಮಾಜಿಕ ಹೊಣೆಗೆ ಇಡಬೇಕಲ್ಲ, ಅದರ ಬ್ಯಾಗು ಹಿಡಿದ ಮಕ್ಕಳ ಫೋಟೊ. ಲೋಗೊ ಮಕ್ಕಳ ಮುಖಕ್ಕಿಂತ ದೊಡ್ಡದು. 2025ರ ಎಸ್ಸೆಸ್ಸೆಲ್ಸಿಯಲ್ಲಿ ಕಲಬುರಗಿ ಜಿಲ್ಲೆ ರಾಜ್ಯಕ್ಕೇ ಕೊನೆ, ಬ್ಯಾಗಿಗೇನೂ ಕೊರತೆಯಿರಲಿಲ್ಲ. ಮುಂದಿನ ವರ್ಷ ಬ್ಯಾಗು ಬಿಟ್ಟು ಟಿಪ್ಪರಿಗೆ ತಾಡಪತ್ರಿ ಹೊದಿಸಲಿ. ಲೋಗೊ ಅದರ ಮೇಲೇ ಬರೆಸಿಕೊಳ್ಳಲಿ, ಜಾಗ ಧಾರಾಳವಾಗಿದೆ.