ಪೂರ್ವಪಕ್ಷವಿಲ್ಲದ ಸಮರ್ಥನೆ

ತನ್ನ ನಂಬಿಕೆಗೆ ಕಾರಣವೇನೆಂದು ಕೇಳಿದವರಿಗೆ ಉತ್ತರ ಕೊಡಲು ಸಿದ್ಧನಿರಬೇಕೆಂಬುದು ಪೇತ್ರನ ಪತ್ರಿಕೆಯ ಕಾಲದಿಂದ ಕ್ರೈಸ್ತರಿಗೆ ಬಂದಿರುವ ಕಟ್ಟಳೆ. ಆದರೆ ಕೇಳಿದವನು ಯಾರು, ಅವನು ಕೇಳಿದ್ದೇನು ಎಂಬುದನ್ನು ಅರಿಯದೆ ಉತ್ತರವನ್ನು ಮಾತ್ರ ಸಿದ್ಧಪಡಿಸಿಟ್ಟುಕೊಂಡರೆ ಏನಾದೀತು? ಮಂಗಳೂರಿನ ಬಾಸೆಲ್ ಮಿಶನ್ನಿನ ಚರಿತ್ರೆಯನ್ನು ಈ ದೃಷ್ಟಿಯಿಂದ ಯಾರಾದರೂ ಓದಬೇಕು.

ಗಡಿಯಾರವನ್ನು ಕಂಡವನು ಅದನ್ನು ಮಾಡಿದವನನ್ನು ಊಹಿಸುವಂತೆ, ಜಗತ್ತನ್ನು ಕಂಡವನು ಸೃಷ್ಟಿಕರ್ತನನ್ನು ಊಹಿಸಬೇಕೆಂದು ಇಂಗ್ಲೆಂಡಿನ ವಿಲಿಯಂ ಪೇಲಿ 1802ರಲ್ಲಿ ವಾದಿಸಿದ. ಅವನ ಎದುರಾಳಿ ಯುರೋಪಿನ ಸಂದೇಹವಾದಿ. 1834ರಲ್ಲಿ ಬಾಸೆಲಿನ ಪಾದ್ರಿಗಳು ಮಂಗಳೂರಿಗೆ ಬಂದಾಗ ಅವರಿಗೆ ದೊರೆತವನು ಬೇರೆಯೇ ಬಗೆಯ ಕೇಳುಗ. ದೇವರಿದ್ದಾನೆಯೆ ಎಂಬ ಶಂಕೆ ಅವನಿಗಿರಲಿಲ್ಲ. ಒಬ್ಬನೇ ರಕ್ಷಕನೇಕೆ, ಒಂದೇ ಜನ್ಮವೇಕೆ ಎಂಬುದು ಅವನ ತೊಡಕು. ಮಡಕೆಯಿಂದ ಕುಂಬಾರನನ್ನು ಅನುಮಾನಿಸುವಂತೆ ಜಗತ್ತಿನಿಂದ ಈಶ್ವರನನ್ನು ಸಾಧಿಸುವ ಯುಕ್ತಿಯನ್ನು ನೈಯಾಯಿಕನಾದ ಉದಯನಾಚಾರ್ಯ ಪೇಲಿಗಿಂತ ಸುಮಾರು ಎಂಟು ಶತಮಾನ ಮೊದಲೇ ಬೆಳೆಸಿದ್ದ. ದ್ವೈತಾದ್ವೈತಗಳ ವಾದವನ್ನು ಕೇಳಿ ಬೆಳೆದ ನಾಡು ಇದು. ಉಡುಪಿಯೇನು ಇಲ್ಲಿಗೆ ದೂರವೆ!

ಪಾದ್ರಿಗಳು ಹಿಡಿದ ಒಂದು ದಾರಿ ಖಂಡನೆಯದು. ಪುರಾಣದ ದೇವತೆಗಳ ನಡತೆಯನ್ನೆತ್ತಿ ಆಡುವ ಕಿರುಹೊತ್ತಗೆಗಳು ಹೊರಟವು. ನೆರೆಮನೆ ಸೋರುತ್ತದೆಂದು ತೋರಿಸಿದ ಮಾತ್ರಕ್ಕೆ ತನ್ನ ಮನೆಯ ಮಾಡು ಭದ್ರವೆಂದಾಗದು. ಅವನ್ನು ಇಂದು ಸಂಶೋಧಕರಲ್ಲದೆ ಯಾರೂ ಓದುವುದಿಲ್ಲ.

ಆದರೆ ಅದೇ ಮಿಶನ್ನಿನ ಮೋಗ್ಲಿಂಗ್ 1848ರಿಂದ 1853ರವರೆಗೆ ಜೈಮಿನಿ ಭಾರತ, ತೊರವೆ ರಾಮಾಯಣ, ಬಸವಪುರಾಣ, ದಾಸರ ಪದಗಳು ಮೊದಲಾದವನ್ನು ಮಂಗಳೂರಿನಲ್ಲಿ ಅಚ್ಚು ಹಾಕಿಸಿದರು. ನಮ್ಮ ಶಾಸ್ತ್ರಕಾರರು ಪೂರ್ವಪಕ್ಷವೆನ್ನುವುದು ಇದನ್ನೇ: ಪ್ರತಿವಾದಿಯ ಮಾತನ್ನು ಅವನ ಬಾಯಿಯಿಂದಲೇ ಕೇಳುವುದು. ಖಂಡಿಸುವುದಕ್ಕಾಗಿಯೇ ಕೂಡಿಹಾಕಿದರು ಎನ್ನುವವರಿದ್ದಾರೆ. ಇರಲಿ, ದಾಸರ ಪದಗಳನ್ನು ಅಕ್ಷರ ಅಕ್ಷರವಾಗಿ ತಿದ್ದಿ ಅಚ್ಚಿಗೆ ಕೊಟ್ಟವನಿಗೆ, ಈ ಜನರಿಗೆ ಭಕ್ತಿಯೆಂದರೇನೆಂದು ತಿಳಿಯದು ಎಂಬ ಮಾತು ಸುಲಭವಾಗಿ ಬಾಯಿಗೆ ಬಂದೀತೆ?

ಕಿಟ್ಟೆಲರದು ಇನ್ನೂ ಸೂಕ್ಷ್ಮವಾದ ದಾರಿ. 1862ರ ‘ಕಥಾಮಾಲೆ’ಯಲ್ಲಿ ಅವರು ಕ್ರಿಸ್ತಚರಿತೆಯನ್ನು ಕನ್ನಡದ ಛಂದಸ್ಸಿನಲ್ಲಿ ಹೇಳಿದರು. 1894ರಲ್ಲಿ ಸುಮಾರು 70,000 ಪದಗಳ ನಿಘಂಟು ಹೊರಬಂತು. ಮತವಿಚಾರಕ್ಕೂ ನಿಘಂಟಿಗೂ ಏನು ನಂಟು ಎಂದು ಕೇಳಬಹುದು. ‘ಪಾಪ’ ಎಂದರೆ ಒಬ್ಬನಿಗೆ ದೇವರಿಂದ ಅಗಲಿಕೆ, ಮತ್ತೊಬ್ಬನಿಗೆ ಜನ್ಮಾಂತರದ ಕರ್ಮಫಲ. ‘ಮುಕ್ತಿ’ ಎಂದರೆ ಒಬ್ಬನಿಗೆ ಪಾಪದ ಕ್ಷಮೆ, ಮತ್ತೊಬ್ಬನಿಗೆ ಹುಟ್ಟುಸಾವುಗಳ ಕೊನೆ. ಈ ಅಂತರವನ್ನು ಅಳೆಯದೆ ನಡೆಯುವ ವಾದದಲ್ಲಿ ಇಬ್ಬರೂ ಗೆದ್ದೆವೆಂದು ಮನೆಗೆ ಹೋಗುತ್ತಾರೆ.

ಇಂದು ನಮ್ಮ ಕ್ರೈಸ್ತ ತರುಣರ ಕೈಗೆ ಬರುವ ಧರ್ಮಸಮರ್ಥನೆಯ ಇಂಗ್ಲಿಷ್ ಗ್ರಂಥಗಳು ಬಹುಮಟ್ಟಿಗೆ ಪಾಶ್ಚಾತ್ಯ ನಾಸ್ತಿಕನಿಗೆ ಹೇಳಿದ ಉತ್ತರಗಳು. ಅವುಗಳ ತರ್ಕ ಗಟ್ಟಿಯಾಗಿರಬಹುದು. ಪಕ್ಕದ ಬೆಂಚಿನ ಸಹಪಾಠಿ ಕೇಳುವ ಪ್ರಶ್ನೆ ಅವುಗಳಲ್ಲಿ ಅಪರೂಪ. ಬಲ್ಮಠದ ದೇವಶಾಸ್ತ್ರದ ಕಾಲೇಜಿನಿಂದಲೋ ಬೇರೆಡೆಯಿಂದಲೋ ಒಂದು ಕನ್ನಡ ಪುಸ್ತಕ ಬರಬೇಕು. ಅದರ ಮೊದಲರ್ಧದಲ್ಲಿ ವೈಷ್ಣವನ ಮತವೂ ಶರಣರ ಮತವೂ ಇರಲಿ. ಅಚ್ಚಿಗೆ ಮೊದಲು ಆ ಭಾಗವನ್ನು ಉಡುಪಿಯ ಒಬ್ಬ ಪಂಡಿತರಿಗೂ ಒಬ್ಬ ವಚನಾಭ್ಯಾಸಿಗೂ ಓದಿಸಿ, ನಮ್ಮ ಮಾತನ್ನು ಸರಿಯಾಗಿ ಹೇಳಿದ್ದೀರಿ ಎಂಬ ಒಪ್ಪಿಗೆಯನ್ನು ಪಡೆಯಲಿ. ಉತ್ತರಾರ್ಧವನ್ನು ಆಮೇಲೆ ಬರೆಯಬಹುದು.