ಅಗಲಕ್ಕಿಂತ ಮೊದಲು ಇಳಿಕೆ

ತಂಬೂರಿಯ ತಂತಿ ಮೀಟಿದ ಮೇಲೆ ನಾದ ಬರೀ ಸಣ್ಣದಾಗುವುದಿಲ್ಲ, ಅದರ ಹೊಳಪೂ ಇಳಿಯುತ್ತದೆ. ಬಿಡಿ ಘಟಕಗಳನ್ನು (ಮಾಡ್ಯೂಲ್) ಜೋಡಿಸಿ ಕಟ್ಟುವ ಮಾಡ್ಯುಲರ್ ಸಿಂಥಸೈಜರಿನಲ್ಲಿ ಇವೆರಡನ್ನೂ ಒಟ್ಟಿಗೆ ಸಾಧಿಸುವುದು ಲೋ ಪಾಸ್ ಗೇಟ್. ಅಮೆರಿಕದ ಡಾನ್ ಬುಕ್ಲಾ ತಮ್ಮ 292 ಮಾಡ್ಯೂಲಿನಲ್ಲಿ ಇದಕ್ಕೆ ವ್ಯಾಕ್ಟ್ರೋಲ್ ಬಳಸಿದರು: ಒಂದು ಪುಟ್ಟ ದೀಪ, ಎದುರಿಗೆ ಬೆಳಕಿಗೆ ಸ್ಪಂದಿಸುವ ರೋಧಕ. ದೀಪ ಆರಿದ ಮೇಲೂ ರೋಧಕ ನಿಧಾನವಾಗಿ ಮೊದಲಿನ ಸ್ಥಿತಿಗೆ ಮರಳುತ್ತದೆ. ಆ ಸಹಜ ಇಳಿಕೆಗೆ ಅದೇ ಕಾರಣ. ಆದ್ದರಿಂದ ಯೂರೋರ್ಯಾಕ್ ಎಂಬ ಮಾದರಿಯ ಸಿಂಥಸೈಜರ್ ಪೆಟ್ಟಿಗೆಯಲ್ಲಿ ಜಾಗ ಉಳಿಸಲು ಸುಮಾರು 10 ಮಿಲಿಮೀಟರ್ ಅಗಲದ ಲೋ ಪಾಸ್ ಗೇಟ್ ಮಾಡ್ಯೂಲ್ ಹುಡುಕುವವರು ಮೊದಲು ಆ ಇಳಿಕೆಯನ್ನೇ ಕಿವಿಗೊಟ್ಟು ಕೇಳಬೇಕು.

ವ್ಯಾಕ್ಟ್ರೋಲಿನಲ್ಲಿ ವಿಷಕಾರಿ ಕ್ಯಾಡ್ಮಿಯಂ ಇದೆ, ಒಂದರಂತೆ ಇನ್ನೊಂದು ವರ್ತಿಸುವುದಿಲ್ಲ ಎಂಬ ಆಕ್ಷೇಪ ನ್ಯಾಯವಾದುದೇ. ಹಾಗಾದರೆ ಅದನ್ನು ಅನುಕರಿಸುವ ಸರ್ಕ್ಯೂಟನ್ನೂ ಒಪ್ಪೋಣ. ಬೆಂಗಳೂರಿನ ರಾಡೆಲ್ ಸಂಸ್ಥೆಯ ಎಲೆಕ್ಟ್ರಾನಿಕ್ ತಂಬೂರಿಗೆ ತಂತಿಯೇ ಇಲ್ಲ, ಆದರೂ ಸಂಗೀತಗಾರರು ಅದನ್ನು ಒಪ್ಪಿದ್ದಾರೆ. ಗುಂಡಿಗಳು ಇಕ್ಕಟ್ಟಾಗುವುದು ಮಾತ್ರ ಸಣ್ಣ ಮಾಡ್ಯೂಲಿನ ನಿಜವಾದ ಕೊರತೆ. ಇಳಿಕೆಯನ್ನು ವೋಲ್ಟೇಜಿನಿಂದ ನಿಯಂತ್ರಿಸುವ ಅವಕಾಶವಿದ್ದರೆ ಆ ಇಕ್ಕಟ್ಟನ್ನೂ ಸಹಿಸಬಹುದು.